ಪಹಣಿಯಲ್ಲಿ ಇನ್ನೂ ಅಜ್ಜನ ಹೆಸರೇ ಇದೆಯಾ? ಪೌತಿ ಖಾತೆ ಎಂದರೇನು, ಅದು ಹೇಗೆ ಆಗುತ್ತದೆ

2023ರಲ್ಲಿ ಮಳೆ ಕೈಕೊಟ್ಟಿತು. ನಮ್ಮ ಹೊಲದ ರಾಗಿ ತೆನೆ ಕಟ್ಟುವ ಮೊದಲೇ ಒಣಗಿತು. ಪರಿಹಾರದ ದುಡ್ಡು ಬಂದಾಗ ಪಕ್ಕದ ಹೊಲದವರ ಮೊಬೈಲ್‌ಗೆ ಮೆಸೇಜ್ ಬಂತು, ನಮಗೆ ಬರಲಿಲ್ಲ. ಅಪ್ಪ ವಿಚಾರಿಸಲು ಹೋದರು. ಕೌಂಟರ್‌ನಲ್ಲಿದ್ದ ಹುಡುಗ ಪಹಣಿ ತಿರುಗಿಸಿ, ಒಂಬತ್ತನೇ ಕಾಲಂ ಮೇಲೆ ಬೆರಳಿಟ್ಟು, ‘ಇವರು ಎಲ್ಲಿದ್ದಾರೆ?’ ಎಂದು ಕೇಳಿದ. ಅದು ನಮ್ಮ ಅಜ್ಜನ ಹೆಸರು. ಅಜ್ಜ ತೀರಿಕೊಂಡದ್ದು 2009ರಲ್ಲಿ.

ಉಳುವವರು ನಾವು, ಬೀಜ ಗೊಬ್ಬರಕ್ಕೆ ದುಡ್ಡು ಹಾಕಿದವರು ನಾವು. ಆದರೆ ಸರ್ಕಾರದ ಪುಸ್ತಕದಲ್ಲಿ ಆ ಹೊಲ ಇನ್ನೂ ಅಜ್ಜನದೇ. ಇದು ನಮ್ಮ ಮನೆಯ ಕಥೆ ಮಾತ್ರ ಅಲ್ಲ. ಪಹಣಿಗೆ ಆಧಾರ್ ಜೋಡಿಸುವ ಕೆಲಸ ರಾಜ್ಯದಲ್ಲಿ ಶುರುವಾದ ಮೇಲೆ, ಲಕ್ಷಗಟ್ಟಲೆ ಜಮೀನುಗಳು ತೀರಿಕೊಂಡವರ ಹೆಸರಲ್ಲೇ ಉಳಿದಿವೆ ಎಂಬುದು ಎದ್ದು ಕಂಡಿತು. 2025ರಲ್ಲಿ ಕಂದಾಯ ಇಲಾಖೆ ಇ-ಪೌತಿ ಆಂದೋಲನ ಶುರು ಮಾಡಿದ್ದು ಇದೇ ಕಾರಣಕ್ಕೆ. ಅಂದಿನಿಂದ ಊರ ಕಟ್ಟೆಯಲ್ಲಿ, ಮನೆಮಂದಿಯ ವಾಟ್ಸಾಪ್ ಗುಂಪಿನಲ್ಲಿ ಎಲ್ಲ ಕಡೆ ‘ಪೌತಿ’ಯದೇ ಮಾತು. ಏನಿದು, ಮಾಡಿಸದಿದ್ದರೆ ಏನಾಗುತ್ತದೆ, ಮಾಡಿಸಿದರೆ ಏನು ಸಿಗುತ್ತದೆ ಎಂಬುದನ್ನು ಬುಡದಿಂದ ನೋಡೋಣ.

ಪಹಣಿ ಎಂಬ ಹಾಳೆಯಲ್ಲಿ ಏನಿರುತ್ತದೆ?

ಹಳೆ ಮೈಸೂರು ಕಡೆ ಪಹಣಿ, ಉತ್ತರ ಕರ್ನಾಟಕದಲ್ಲಿ ಉತಾರ, ಕಚೇರಿಯಲ್ಲಿ ಆರ್‌ಟಿಸಿ. ಮೂರೂ ಒಂದೇ. ಒಂದು ತುಂಡು ಜಮೀನಿನ ಬಗ್ಗೆ ಕಂದಾಯ ಇಲಾಖೆಗೆ ಗೊತ್ತಿರುವುದೆಲ್ಲ ಒಂದೇ ಹಾಳೆಯಲ್ಲಿ ಇರುತ್ತದೆ.

ಮೊದಲ ಕಾಲಂಗಳಲ್ಲಿ ಸರ್ವೆ ನಂಬರ್, ಅದರೊಳಗಿನ ತುಂಡಿನ ನಂಬರ್ ಆದ ಹಿಸ್ಸಾ ನಂಬರ್, ವಿಸ್ತೀರ್ಣ ಇರುತ್ತವೆ. ವಿಸ್ತೀರ್ಣವನ್ನು ಎಕರೆ, ಗುಂಟೆ, ಆಣೆಗಳಲ್ಲಿ ಬರೆಯುತ್ತಾರೆ. 40 ಗುಂಟೆ ಸೇರಿದರೆ ಒಂದು ಎಕರೆ, 16 ಆಣೆ ಸೇರಿದರೆ ಒಂದು ಗುಂಟೆ. ಒಟ್ಟು ವಿಸ್ತೀರ್ಣದಲ್ಲಿ ‘ಖರಾಬು’ ಎಂದು ಸ್ವಲ್ಪ ಕಳೆದಿರುತ್ತಾರೆ. ಬಂಡೆಯಂಥ ಸಾಗುವಳಿಗೆ ಬಾರದ ಜಾಗ ‘ಅ’ ಖರಾಬು. ಹಳ್ಳ, ದಾರಿ, ಸ್ಮಶಾನದಂಥ ಸಾರ್ವಜನಿಕ ಬಳಕೆಯ ಜಾಗ ‘ಬ’ ಖರಾಬು.

ನಮಗೆ ಮುಖ್ಯವಾಗಿ ಬೇಕಾದವು ನಾಲ್ಕು ಕಾಲಂಗಳು. 9ನೆಯದರಲ್ಲಿ ಜಮೀನು ಯಾರ ಹೆಸರಲ್ಲಿದೆ ಎಂಬುದು. 10ರಲ್ಲಿ ಆ ಹೆಸರು ಅಲ್ಲಿಗೆ ಹೇಗೆ ಬಂತು ಎಂಬುದು: ಕ್ರಯವೋ, ವಿಭಾಗವೋ, ದಾನವೋ, ಪೌತಿಯೋ, ಜೊತೆಗೆ ಅದರ ಎಂ.ಆರ್. ನಂಬರ್. 11ರಲ್ಲಿ ಸಾಲ ಮತ್ತು ಇತರ ಹಕ್ಕುಗಳು. ಅಜ್ಜ ಸೊಸೈಟಿಯಲ್ಲಿ ಮಾಡಿದ ಸಾಲ ಇದ್ದರೆ ಇಲ್ಲಿ ಕಾಣುತ್ತದೆ. 12ರಲ್ಲಿ ಸಾಗುವಳಿ ಮಾಡುತ್ತಿರುವವರು ಯಾರು, ಯಾವ ಬೆಳೆ ಎಂಬ ವಿವರ.

ನಮ್ಮ ಅಜ್ಜ ಈ ಹೊಲ ಕೊಂಡದ್ದು 1974ರಲ್ಲಿ. ಆಗ ಇದೆಲ್ಲ ಕೈಬರಹ. 2000ದಲ್ಲಿ ‘ಭೂಮಿ’ ಯೋಜನೆ ಬಂದು ರಾಜ್ಯದ ಪಹಣಿಗಳೆಲ್ಲ ಕಂಪ್ಯೂಟರ್‌ಗೆ ಹೋದವು, ಕೈಬರಹದ ಪಹಣಿಗೆ ಬೆಲೆ ನಿಂತಿತು. ಹಾಳೆ ಹೊಸದಾಯಿತು, ಅದರೊಳಗಿನ ಹೆಸರು ಮಾತ್ರ ಹಳೆಯದೇ.

ಖಾತೆ, ಪೌತಿ, ಮ್ಯುಟೇಶನ್

ಮೂರು ಪದಗಳೂ ಒಟ್ಟಿಗೇ ಕಿವಿಗೆ ಬೀಳುವುದರಿಂದ ಗೊಂದಲ ಸಹಜ. ‘ಖಾತೆ’ ಎಂದರೆ ಇಲ್ಲಿ ಬ್ಯಾಂಕಿನ ಖಾತೆ ಅಲ್ಲ. ಜಮೀನು ಸರ್ಕಾರದ ದಾಖಲೆಯಲ್ಲಿ ಯಾರ ಹೆಸರಿನಲ್ಲಿದೆ ಎಂಬುದೇ ಖಾತೆ. ಆ ಹೆಸರು ಬದಲಾದರೆ ಖಾತೆ ಬದಲಾವಣೆ. ಕಚೇರಿಯ ಮಾತಿನಲ್ಲಿ ಅದೇ ಮ್ಯುಟೇಶನ್. ಬದಲಾವಣೆಗಳನ್ನೆಲ್ಲ ಬರೆದಿಡುವ ಪುಸ್ತಕ ಮ್ಯುಟೇಶನ್ ರಿಜಿಸ್ಟರ್. ಮೇಲೆ ಹೇಳಿದ ಎಂ.ಆರ್. ಅಂದರೆ ಇದೇ.

‘ಪೌತಿ’ ಎಂದರೆ ತೀರಿಕೊಂಡದ್ದು. ಒಬ್ಬರು ತೀರಿಕೊಂಡ ಕಾರಣಕ್ಕೆ ವಾರಸುದಾರರ ಹೆಸರಿಗೆ ಆಗುವ ಖಾತೆ ಬದಲಾವಣೆಯೇ ಪೌತಿ ಖಾತೆ. ಉತ್ತರದ ಜಿಲ್ಲೆಗಳಲ್ಲಿ ಇದನ್ನೇ ವಾರಸಾ ಎನ್ನುತ್ತಾರೆ.

ಸತ್ತ ವಿಷಯ ಗೊತ್ತಿದ್ದರೂ ಸರ್ಕಾರವೇ ಯಾಕೆ ಹೆಸರು ಬದಲಿಸುವುದಿಲ್ಲ?

ಅಪ್ಪ ಕೇಳಿದ ಮೊದಲ ಪ್ರಶ್ನೆಯೂ ಇದೇ. ‘ಮರಣ ಪತ್ರ ಕೊಟ್ಟವರು ಇವರೇ ಅಲ್ವಾ? ಗೊತ್ತಿಲ್ಲ ಅಂದರೆ ಹೇಗೆ?’ ನ್ಯಾಯವಾದ ಪ್ರಶ್ನೆ. ಉತ್ತರ ಎರಡು ಭಾಗದಲ್ಲಿದೆ.

ಜನನ-ಮರಣದ ಪುಸ್ತಕ ಒಂದು, ಜಮೀನಿನ ಪುಸ್ತಕ ಇನ್ನೊಂದು. ಮರಣದ ಪುಸ್ತಕದಲ್ಲಿ ಇಂಥವರು ಇಂಥ ದಿನ ತೀರಿಕೊಂಡರು ಎಂದಿರುತ್ತದೆಯೇ ಹೊರತು, ಅವರಿಗೆ ಯಾವ ಊರಲ್ಲಿ ಯಾವ ಸರ್ವೆ ನಂಬರ್ ಇದೆ ಎಂದು ಇರುವುದಿಲ್ಲ. ನಮ್ಮೂರಲ್ಲೇ ಒಂದೇ ಹೆಸರಿನವರು ಆರು ಜನ ಇದ್ದಾರೆ. ಬರೀ ಹೆಸರು ಹಿಡಿದುಕೊಂಡು ಯಾವ ಹೊಲ ಯಾರದು ಎಂದು ಹುಡುಕುವುದು ಹೇಗೆ? ಈಗ ಪಹಣಿಗೆ ಆಧಾರ್ ಜೋಡಿಸುತ್ತಿರುವುದರಿಂದ ಈ ತೊಡಕು ಕಡಿಮೆಯಾಗುತ್ತಿದೆ.

ಎರಡನೆಯದು ಇದಕ್ಕಿಂತ ಕಷ್ಟದ್ದು. ಇವರು ಇಲ್ಲ ಎಂದು ಗೊತ್ತಾದರೂ, ಮುಂದೆ ಯಾರು ಎಂಬುದು ಯಾವ ಪುಸ್ತಕದಲ್ಲೂ ಇಲ್ಲ. ಹೆಂಡತಿ, ಮಕ್ಕಳು, ಅಷ್ಟರಲ್ಲಿ ತೀರಿಕೊಂಡ ಮಗನ ಮಕ್ಕಳು, ಮದುವೆಯಾಗಿ ಬೇರೆ ತಾಲ್ಲೂಕಿಗೆ ಹೋದ ಮಗಳು. ಈ ಪಟ್ಟಿಯನ್ನು ಮನೆಯವರೇ ಹೇಳಬೇಕು, ಊರವರು ಹೌದು ಎನ್ನಬೇಕು. ಅದಕ್ಕೇ 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 128ನೇ ಕಲಂ ಈ ಕೆಲಸವನ್ನು ನಮ್ಮ ಮೇಲೆ ಹಾಕಿದೆ. ವಾರಸಿನಿಂದ ಹಕ್ಕು ಬಂದವರು ಮೂರು ತಿಂಗಳೊಳಗೆ ತಿಳಿಸಬೇಕು. ಬಾಯಿಮಾತಿನಲ್ಲಿ ಹೇಳಿದರೂ ನಡೆಯುತ್ತದೆ, ಬರೆದುಕೊಟ್ಟರೂ ಸರಿ.

ಕ್ರಯದ ವಿಷಯ ಬೇರೆ. ಅಲ್ಲಿ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಪತ್ರ ನೋಂದಣಿಯಾದ ಕೂಡಲೇ ‘ಜೆ-ಸ್ಲಿಪ್’ ಎಂಬ ಮಾಹಿತಿ ತಾನಾಗಿಯೇ ಕಂದಾಯ ಇಲಾಖೆಗೆ ಹೋಗುತ್ತದೆ. ಸಾವಿಗೆ ಅಂಥ ಪತ್ರ ಇಲ್ಲ. ಆದ್ದರಿಂದ ಹೇಳದಿದ್ದರೆ ಆಗುವುದಿಲ್ಲ.

ಅರ್ಜಿ ಯಾವ ದಾರಿಯಲ್ಲಿ ಹೋಗುತ್ತದೆ?

ಬೇಕಾದ ಕಾಗದಗಳು ಹೆಚ್ಚಿಲ್ಲ. ಮರಣ ಪ್ರಮಾಣಪತ್ರ, ವಂಶವೃಕ್ಷ, ಪಹಣಿ, ವಾರಸುದಾರರೆಲ್ಲರ ಆಧಾರ್. ಕಷ್ಟವಾಗುವುದು ಮೊದಲ ಎರಡರಲ್ಲೇ.

ಸಾವನ್ನು 21 ದಿನದೊಳಗೆ ನೋಂದಾಯಿಸಿದರೆ ಏನೂ ತೊಂದರೆಯಿಲ್ಲ. ಒಂದು ವರ್ಷ ದಾಟಿತು ಎಂದರೆ ಮ್ಯಾಜಿಸ್ಟ್ರೇಟ್ ಅಧಿಕಾರ ಇರುವವರ ಆದೇಶ ಬೇಕು. ಮೂವತ್ತು ನಲವತ್ತು ವರ್ಷದ ಹಿಂದೆ ಮನೆಯಲ್ಲೇ ತೀರಿಕೊಂಡವರ ವಿಷಯದಲ್ಲಿ ಜನ ಸೋತು ಕೂರುವುದು ಇಲ್ಲೇ.

ವಂಶವೃಕ್ಷ ಎಂದರೆ ಮನೆತನದ ಮರ. ಮೇಲೆ ಅಜ್ಜ-ಅಜ್ಜಿ, ಕೆಳಗೆ ಮಕ್ಕಳು, ಅದರ ಕೆಳಗೆ ಮೊಮ್ಮಕ್ಕಳು. ಬದುಕಿರುವವರು, ತೀರಿಕೊಂಡವರು ಎಲ್ಲರೂ ಅದರಲ್ಲಿರಬೇಕು. ಹೋಬಳಿಯ ನಾಡಕಚೇರಿಯಲ್ಲಿ ಅರ್ಜಿ ಕೊಟ್ಟರೆ ಗ್ರಾಮ ಆಡಳಿತ ಅಧಿಕಾರಿ ಊರಿಗೆ ಬಂದು ಅಕ್ಕಪಕ್ಕದವರನ್ನು ವಿಚಾರಿಸುತ್ತಾರೆ, ಮಹಜರು ಬರೆಯುತ್ತಾರೆ. ಇವರನ್ನೇ ನಾವು ಇಂದಿಗೂ ವಿಎ, ಅಂದರೆ ವಿಲೇಜ್ ಅಕೌಂಟೆಂಟ್ ಎಂದು ಕರೆಯುವುದು. ನಮ್ಮ ಅಜ್ಜಿ ಈಗಲೂ ‘ಶಾನುಭೋಗರು ಬಂದರು’ ಎನ್ನುತ್ತಾರೆ. ವಂಶಪಾರಂಪರ್ಯದ ಶಾನುಭೋಗಿಕೆಯನ್ನು 1961ರ ಕಾಯ್ದೆಯೇ ರದ್ದು ಮಾಡಿತು, ಅಜ್ಜಿಯ ಬಾಯಲ್ಲಿ ಆ ಮಾತು ಉಳಿದಿದೆ.

ಈ ಕಾಗದಗಳ ಜೊತೆ ಕೊಟ್ಟ ಪೌತಿ ಅರ್ಜಿ ಕಂಪ್ಯೂಟರ್‌ಗೆ ಹೋದ ಕೂಡಲೇ ಒಂದು ನಂಬರ್ ಬರುತ್ತದೆ. ಆ ಚೀಟಿ ಜೋಪಾನ. ಭೂಮಿ ವ್ಯವಸ್ಥೆಯಲ್ಲಿ ಮೊದಲು ಬಂದ ಅರ್ಜಿ ಮೊದಲು ಎಂಬ ಸಾಲು ಇದೆ, ನಿಮ್ಮ ಜಾಗ ಆ ನಂಬರ್ ಮೇಲೇ ಗೊತ್ತಾಗುವುದು. ಕಾಗದವನ್ನು ಯಾರ ಕೈಯಲ್ಲೋ ಕೊಟ್ಟು ನಂಬರ್ ಇಲ್ಲದೆ ಬಂದರೆ ಅರ್ಜಿ ಕೊಟ್ಟಂತೆಯೇ ಅಲ್ಲ. ನಮ್ಮ ಮೊದಲ ಅರ್ಜಿ ಹೀಗೇ ಏಳು ತಿಂಗಳು ಒಬ್ಬರ ಬ್ಯಾಗಿನಲ್ಲಿತ್ತು.

ಇದಾದ ಮೇಲೆ ನೋಟಿಸ್. ಇಂಥವರು ತೀರಿಕೊಂಡಿದ್ದಾರೆ, ಇಂಥವರ ಹೆಸರಿಗೆ ಖಾತೆ ಮಾಡಲಿದ್ದೇವೆ, ತಕರಾರು ಇದ್ದರೆ ಹೇಳಿ ಎಂದು ಚಾವಡಿಯಲ್ಲಿ ಅಂಟಿಸುತ್ತಾರೆ. ಸಂಬಂಧಪಟ್ಟವರಿಗೂ ತಿಳಿಸಬೇಕು. ಮದುವೆ ನೋಂದಣಿ ಕಚೇರಿಯಲ್ಲಿ ಹಾಕುವ ನೋಟಿಸ್ ನೋಡಿದ್ದೀರಲ್ಲ, ಅದೇ ಉದ್ದೇಶ. ಯಾರಿಗೂ ತಿಳಿಯದಂತೆ ಹೆಸರು ಬದಲಾಗಬಾರದು. ನೋಟಿಸ್ ಅವಧಿಯಲ್ಲಿ ತಕರಾರು ಬಾರದಿದ್ದರೆ ಹೋಬಳಿ ಮಟ್ಟದ ಕಂದಾಯ ನಿರೀಕ್ಷಕರು ಮಂಜೂರು ಮಾಡುತ್ತಾರೆ. ಬಂದರೆ ಅದು ತಕರಾರು ಪ್ರಕರಣವಾಗಿ ತಾಲ್ಲೂಕು ಕಚೇರಿಗೆ ಹೋಗಿ, ಎರಡೂ ಕಡೆಯವರ ವಿಚಾರಣೆ ನಡೆಯುತ್ತದೆ. ಅಲ್ಲಿನ ಆದೇಶ ಒಪ್ಪಿಗೆಯಾಗದಿದ್ದರೆ ಉಪವಿಭಾಗಾಧಿಕಾರಿಗೆ, ಅಂದರೆ ಎಸಿ ಕೋರ್ಟಿಗೆ ಮೇಲ್ಮನವಿ. ಅದರ ಮೇಲೆ ಜಿಲ್ಲಾಧಿಕಾರಿ.

ಯಾರ ಯಾರ ಹೆಸರು ಬರಬೇಕು?

ಜಗಳ ಹುಟ್ಟುವುದು ಇಲ್ಲೇ. ಆದ್ದರಿಂದ ನಮ್ಮ ಮನೆಯ ಲೆಕ್ಕವನ್ನೇ ಬಿಡಿಸಿ ಹೇಳುತ್ತೇನೆ.

ಹೊಲ 4 ಎಕರೆ 20 ಗುಂಟೆ. ಅಂದರೆ 180 ಗುಂಟೆ. ಅಜ್ಜ ಸ್ವಂತ ದುಡಿಮೆಯಲ್ಲಿ ಕೊಂಡದ್ದು, ಉಯಿಲು ಬರೆದಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಇಂಥ ಆಸ್ತಿ ಹೆಂಡತಿಗೂ ಮಕ್ಕಳಿಗೂ ಸಮನಾಗಿ ಹೋಗುತ್ತದೆ. ಅಜ್ಜಿ, ಮೂವರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು. ಒಟ್ಟು ಆರು ಪಾಲು, ತಲಾ 30 ಗುಂಟೆ.

2009ರಲ್ಲೇ ಪೌತಿ ಮಾಡಿಸಿದ್ದರೆ ಆರು ಹೆಸರು ಬರೆದು ಮುಗಿಯುತ್ತಿತ್ತು. ನಾವು ಮಾಡಿಸಲಿಲ್ಲ. 2016ರಲ್ಲಿ ಚಿಕ್ಕಪ್ಪ ತೀರಿಕೊಂಡರು. ಈಗ ಅವರ 30 ಗುಂಟೆ ಯಾರಿಗೆ? ಚಿಕ್ಕಮ್ಮನಿಗೆ, ಅವರ ಇಬ್ಬರು ಮಕ್ಕಳಿಗೆ, ಜೊತೆಗೆ ಅಜ್ಜಿಗೂ. ಮಗ ತೀರಿಕೊಂಡಾಗ ತಾಯಿಯೂ ಮೊದಲ ದರ್ಜೆಯ ವಾರಸುದಾರಳು ಎಂಬುದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ, ನಮಗೂ ಗೊತ್ತಿರಲಿಲ್ಲ. 30 ಗುಂಟೆ ನಾಲ್ಕು ಪಾಲಾಗಿ ತಲಾ 7 ಗುಂಟೆ 8 ಆಣೆ. ಅಜ್ಜಿಯ ಪಾಲು 37 ಗುಂಟೆ 8 ಆಣೆ ಆಯಿತು. ಹೆಸರುಗಳು ಆರರಿಂದ ಎಂಟಕ್ಕೆ ಏರಿದವು. ಮರಣ ಪತ್ರ ಒಂದರ ಬದಲು ಎರಡು. ತಡ ಮಾಡಿದಷ್ಟೂ ಮರ ಕವಲೊಡೆಯುತ್ತಲೇ ಹೋಗುತ್ತದೆ. ಮುತ್ತಜ್ಜನ ಹೆಸರಲ್ಲೇ ಉಳಿದ ಜಮೀನಿಗೆ ನಲವತ್ತು ವಾರಸುದಾರರು ಬರುವುದು ಹೀಗೆ.

ಹೆಣ್ಣುಮಕ್ಕಳ ಹೆಸರು ಬಿಡುವುದು ಊರಲ್ಲಿ ಸಾಮಾನ್ಯ. ‘ಮದುವೆಯಲ್ಲಿ ಕೊಟ್ಟಾಯ್ತಲ್ಲ’ ಎನ್ನುತ್ತಾರೆ. ಕಾನೂನಿನಲ್ಲಿ ಆ ಮಾತಿಗೆ ಬೆಲೆಯಿಲ್ಲ. ಸ್ವಂತ ಆಸ್ತಿಯಲ್ಲಿ ಮಗಳಿಗೆ 1956ರ ಕಾಯ್ದೆಯಿಂದಲೇ ಸಮಪಾಲಿದೆ. ಪಿತ್ರಾರ್ಜಿತ ಆಸ್ತಿಯಲ್ಲೂ 2005ರ ತಿದ್ದುಪಡಿಯ ಮೇಲೆ ಮಗನಿಗೆ ಇರುವ ಹಕ್ಕೇ ಮಗಳಿಗೂ ಇದೆ. ಅಲ್ಲಿ ಪಾಲಿನ ಲೆಕ್ಕ ಮಾತ್ರ ಬೇರೆ ರೀತಿ. ಮುಸ್ಲಿಂ, ಕ್ರೈಸ್ತ ಕುಟುಂಬಗಳಿಗೆ ಅವರವರ ವಾರಸಾ ಕಾನೂನು ಅನ್ವಯಿಸುತ್ತದೆ.

ಅಕ್ಕ-ತಂಗಿಯರು ಮನಸಾರೆ ತಮ್ಮ ಪಾಲು ಬಿಟ್ಟುಕೊಡುವುದಾದರೆ ಅದಕ್ಕೂ ದಾರಿ ಇದೆ. ಅದು ನೋಂದಣಿಯಾದ ಹಕ್ಕು ಬಿಡುಗಡೆ ಪತ್ರ. ಛಾಪಾ ಕಾಗದದ ಮೇಲೆ ಸುಮ್ನೆ ಬರೆಸಿಕೊಂಡ ಒಪ್ಪಿಗೆ ಸಾಲದು. ವಂಶವೃಕ್ಷದಲ್ಲಿ ಅವರ ಹೆಸರನ್ನೇ ಮುಚ್ಚಿಡುವುದಂತೂ ಸುಳ್ಳು ಮಾಹಿತಿ ಕೊಟ್ಟಂತೆ. ಹತ್ತು ವರ್ಷ ಬಿಟ್ಟು ಗೊತ್ತಾದರೂ ಆ ಖಾತೆ ಕೋರ್ಟಿನಲ್ಲಿ ಅಲುಗಾಡುತ್ತದೆ.

ಇನ್ನೊಂದು ಹಳೆಯ ರೂಢಿ, ಮನೆಯ ಯಜಮಾನ ಎಂದು ಹಿರಿಯ ಮಗನ ಹೆಸರೊಂದನ್ನೇ ಬರೆಸುವುದು. ಒಟ್ಟು ಕುಟುಂಬ ಇದ್ದಾಗ ಇದು ಯಾರಿಗೂ ತೊಂದರೆ ಅನ್ನಿಸುತ್ತಿರಲಿಲ್ಲ. ಆ ಅಣ್ಣ ತೀರಿಕೊಂಡು ಅವರ ಮಕ್ಕಳು ಪಹಣಿ ತೋರಿಸಿ ‘ಇದು ನಮ್ಮಪ್ಪನದು’ ಎಂದಾಗ ತಮ್ಮಂದಿರಿಗೆ ಎಚ್ಚರವಾಗುತ್ತದೆ. ಅವರ ಹಕ್ಕು ಅದರಿಂದ ಹೋಗಿರುವುದಿಲ್ಲ. ಆದರೆ ಅದನ್ನು ಸಾಬೀತು ಮಾಡುವ ಹೊರೆ ಈಗ ಅವರ ಮೇಲೆ ಬಿದ್ದಿರುತ್ತದೆ.

ಪೌತಿ ಆದರೆ ಪಾಲಾದಂತೆಯೇ?

ಅಲ್ಲ. ಇದನ್ನು ಬಿಡಿಸಿ ಹೇಳಿದರೆ ಎಷ್ಟೋ ಮನೆಗಳಲ್ಲಿ ಅರ್ಧ ಭಯ ಹೋಗುತ್ತದೆ.

ಒಂದು ಮನೆ ಇದೆ ಅಂದುಕೊಳ್ಳಿ. ಬಾಗಿಲ ಮೇಲಿದ್ದ ಅಜ್ಜನ ಹೆಸರಿನ ಬೋರ್ಡ್ ತೆಗೆದು, ಒಳಗಿರುವ ಎಲ್ಲರ ಹೆಸರು ಬರೆದು ಹಾಕುವುದು ಪೌತಿ. ಯಾರಿಗೆ ಯಾವ ಕೋಣೆ ಎಂದು ಮಾತಾಡಿ ಬರೆದುಕೊಳ್ಳುವುದು ವಿಭಾಗ. ಕೋಣೆಗಳ ನಡುವೆ ಗೋಡೆ ಎಬ್ಬಿಸಿ, ಬೇರೆ ಬೇರೆ ಡೋರ್ ನಂಬರ್ ಹಾಕಿಸುವುದು ಪೋಡಿ.

ಪೌತಿ ಆದ ಮೇಲೆ ಎಂಟು ಹೆಸರೂ ಜಂಟಿಯಾಗಿ ಇರುತ್ತವೆ. ಬಾವಿ ಪಕ್ಕದ ತುಂಡು ನನ್ನದು ಎಂದು ಯಾರೂ ಪಹಣಿ ತೋರಿಸಿ ಹೇಳಲಾಗದು. ಹಾಗೆ ಹೇಳಬೇಕಾದರೆ ವಿಭಾಗ ಪತ್ರ ನೋಂದಣಿಯಾಗಬೇಕು. ಅದಕ್ಕೆ ಮೊದಲು ಸರ್ವೆಯವರು ಅಳೆದು ‘11ಇ’ ನಕ್ಷೆ ಕೊಡುತ್ತಾರೆ. ಇಡೀ ಸರ್ವೆ ನಂಬರಿನಲ್ಲಿ ಒಂದು ಭಾಗವನ್ನು ಮಾರುವುದಾದರೂ ಈ ನಕ್ಷೆ ಬೇಕು. ಕೊನೆಗೆ ಪೋಡಿಯಾಗಿ ಒಬ್ಬೊಬ್ಬರಿಗೂ ಬೇರೆ ಹಿಸ್ಸಾ ನಂಬರ್, ಬೇರೆ ಪಹಣಿ. ಮನೆಯವರೊಳಗಿನ ವಿಭಾಗಕ್ಕೆ ಹೊರಗಿನವರಿಗೆ ಮಾರುವಾಗ ಬೀಳುವಷ್ಟು ಮುದ್ರಾಂಕ ಶುಲ್ಕ ಬೀಳುವುದಿಲ್ಲ.

‘ಪೌತಿ ಮಾಡಿಸಿದರೆ ಮನೆ ಒಡೆಯುತ್ತದೆ’ ಎಂದು ನಮ್ಮ ದೊಡ್ಡಪ್ಪ ವರ್ಷಗಟ್ಟಲೆ ತಡೆದರು. ಹೆಸರು ಬರೆಸುವುದಕ್ಕೂ ಮನೆ ಒಡೆಯುವುದಕ್ಕೂ ಸಂಬಂಧವಿಲ್ಲ ಎಂದು ಅವರಿಗೆ ಅರ್ಥವಾದದ್ದು ಈ ಮೂರು ಹೆಜ್ಜೆಗಳನ್ನು ಬೇರೆ ಬೇರೆಯಾಗಿ ಹೇಳಿದ ಮೇಲೆ.

ಹೆಸರು ಬಂತು, ಇನ್ನು ಮಾಲೀಕರಾದೆವಾ?

ಮನೆ ಕೊಂಡ ಮೇಲೂ ಕರೆಂಟ್ ಬಿಲ್ ಕೆಲವು ವರ್ಷ ಹಳಬರ ಹೆಸರಲ್ಲೇ ಬರುತ್ತದೆ. ಬಿಲ್ಲಿನಲ್ಲಿ ಹೆಸರಿದೆ ಎಂದು ಹಳಬರು ಮನೆ ಕೇಳಲಾಗದು. ಪಹಣಿಯ ಹೆಸರಿಗೂ ಇಂಥದ್ದೇ ಒಂದು ಮಿತಿ ಇದೆ. ಖಾತೆ ಬದಲಾವಣೆಯಿಂದಲೇ ಯಾರಿಗೂ ಒಡೆತನ ಹುಟ್ಟುವುದಿಲ್ಲ, ಇರುವ ಒಡೆತನ ಹೋಗುವುದೂ ಇಲ್ಲ ಎಂದು ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ. ಒಡೆತನ ಬರುವುದು ಕ್ರಯಪತ್ರದಿಂದ, ವಾರಸಿನಿಂದ, ಉಯಿಲಿನಿಂದ. ಅದರ ಬಗ್ಗೆ ಜಗಳ ಬಂದರೆ ತೀರ್ಮಾನಿಸುವುದು ಸಿವಿಲ್ ಕೋರ್ಟ್, ತಹಶೀಲ್ದಾರರಲ್ಲ.

ಹಾಗಂತ ಪಹಣಿ ಬರೀ ಬಿಲ್ಲಿನಂತೆ ಅಲ್ಲ. ಅದರಲ್ಲಿರುವುದು ಸುಳ್ಳು ಎಂದು ಸಾಬೀತಾಗುವವರೆಗೆ ನಿಜ ಎಂದೇ ತಿಳಿಯಬೇಕು ಎನ್ನುತ್ತದೆ ಭೂ ಕಂದಾಯ ಕಾಯ್ದೆಯ 133ನೇ ಕಲಂ. ದಿನನಿತ್ಯದ ಬದುಕಿನಲ್ಲಿ ಇದರ ತೂಕ ತುಂಬ ದೊಡ್ಡದು. ಬೆಳೆ ಸಾಲ, ಬೆಳೆ ವಿಮೆ, ಬೆಳೆ ಪರಿಹಾರ, ರೈತರ ಗುರುತಿನ ಸಂಖ್ಯೆಯಾದ ಎಫ್‌ಐಡಿ ಎಲ್ಲವೂ ಪಹಣಿಯ ಹೆಸರನ್ನೇ ಹಿಡಿದು ನಡೆಯುತ್ತವೆ. ವರ್ಷಕ್ಕೆ 6000 ರೂಪಾಯಿ ಬರುವ ಪಿಎಂ ಕಿಸಾನ್ ಕೂಡ ಹಾಗೇ.

11ನೇ ಕಾಲಂ ಬಗ್ಗೆಯೂ ಒಂದು ಮಾತು. ಅಜ್ಜನ ಸಾಲ ತೀರಿದ್ದರೂ ಅಲ್ಲಿ ಹಾಗೇ ಕಾಣುತ್ತಿದ್ದರೆ, ಬ್ಯಾಂಕಿನಿಂದ ಋಣಮುಕ್ತ ಪತ್ರ ತಂದು ಅದನ್ನು ತೆಗೆಸಬೇಕು. ಅದು ತಾನಾಗಿ ಅಳಿಯುತ್ತದೆ ಎಂದು ಕಾಯಬೇಡಿ.

ಊರಿನಿಂದ ದೂರ ಇರುವವರು ಏನು ಮಾಡಬೇಕು?

ಬೆಂಗಳೂರಿನಲ್ಲೋ ಮುಂಬೈಯಲ್ಲೋ ದುಬೈಯಲ್ಲೋ ಇರುವವರಿಗೆ ಚಾವಡಿಯ ನೋಟಿಸ್ ಕಣ್ಣಿಗೆ ಬೀಳುವುದಿಲ್ಲ. ಭೂಮಿ ತಾಣದಲ್ಲಿ ಪಹಣಿ ನೋಡಲು ಮಾತ್ರ ಎಲ್ಲಿದ್ದರೂ ಆಗುತ್ತದೆ. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಆರಿಸಿ, ಸರ್ವೆ ನಂಬರ್ ಹಾಕಿ. ಆಮೇಲೆ ‘ಸರ್ನಾಕ್’ ಎಂದು ಕೇಳುತ್ತದೆ. ಅಲ್ಲಿ ಸಾಮಾನ್ಯವಾಗಿ ಒಂದು ನಕ್ಷತ್ರದ ಗುರುತು ಮಾತ್ರ ಇರುತ್ತದೆ, ಅದನ್ನೇ ಆರಿಸಿ. ಎಷ್ಟೋ ಜನ ಇಲ್ಲಿ ತಡವರಿಸಿ ಬಿಟ್ಟುಬಿಡುತ್ತಾರೆ. ಹಿಸ್ಸಾ ಆರಿಸಿದ ಮೇಲೆ ಪಹಣಿ ತೆರೆದುಕೊಳ್ಳುತ್ತದೆ. 9ನೇ ಕಾಲಂನ ಹೆಸರು ಆಧಾರ್‌ನಲ್ಲಿ ಇರುವಂತೆಯೇ ಇದೆಯೇ ಎಂದೂ ನೋಡಿ. ಪಹಣಿಯಲ್ಲಿ ‘ಬಿನ್’ ಎಂದು ತಂದೆಯ ಹೆಸರು ಇರುತ್ತದೆ, ಆಧಾರ್‌ನಲ್ಲಿ ಬರೀ ಇನಿಷಿಯಲ್. ಈ ಸಣ್ಣ ವ್ಯತ್ಯಾಸಕ್ಕೂ ಕೆಲಸ ನಿಂತದ್ದನ್ನು ನೋಡಿದ್ದೇನೆ. ಇಂಥ ತಪ್ಪಿದ್ದರೆ ತಾಲ್ಲೂಕು ಕಚೇರಿಯಲ್ಲಿ ತಿದ್ದುಪಡಿಗೆ ಅರ್ಜಿ ಕೊಡಬೇಕು.

ಮನೆಯಲ್ಲಿ ವಯಸ್ಸಾದವರು ಇದ್ದರೆ ವಂಶವೃಕ್ಷದ ಕರಡನ್ನು ಅವರ ಮುಂದೆ ಕೂತು ಬರೆಯಿರಿ. ನಾವು ಬರೆಯುವಾಗ, ಚಿಕ್ಕಂದಿನಲ್ಲೇ ತೀರಿಕೊಂಡ ಅಜ್ಜಿಯ ಮೊದಲ ಮಗುವಿನ ಹೆಸರು ಅಪ್ಪನಿಗೇ ಗೊತ್ತಿರಲಿಲ್ಲ. ಅಜ್ಜಿ ಹೇಳಿದರು, ನಾವು ಬರೆದುಕೊಂಡೆವು.

ನಮ್ಮ ಪೌತಿ ಖಾತೆ ಕಳೆದ ವರ್ಷ ಆಯಿತು. 9ನೇ ಕಾಲಂನಲ್ಲಿ ಈಗ ಎಂಟು ಹೆಸರು, ಮೊದಲನೆಯದು ಅಜ್ಜಿಯದು. 10ರಲ್ಲಿ ‘ಪೌತಿ’ ಎಂದಿದೆ, ಪಕ್ಕದಲ್ಲಿ ಎಂ.ಆರ್. ನಂಬರ್. ಇಬ್ಬರು ಸೋದರತ್ತೆಯರೂ ಪಹಣಿಯ ಒಂದೊಂದು ಪ್ರತಿ ಕೇಳಿ ತೆಗೆದುಕೊಂಡು ಹೋದರು. ವಿಭಾಗದ ಮಾತು ಇನ್ನೂ ಎತ್ತಿಲ್ಲ. ರಾಗಿ ಕುಯ್ಲು ಮುಗಿದ ಮೇಲೆ ಎಲ್ಲರೂ ಊರಲ್ಲಿ ಸೇರಿ ಕೂರೋಣ ಎಂದು ದೊಡ್ಡಪ್ಪ ಹೇಳಿದ್ದಾರೆ.